ಮೆಸ್ ಪುಸ್ತಕ ಓದಲು ಬಂದರೆ ಹಾಸ್ಟೆಲ್ ಅರ್ಧ ಗೊತ್ತಾದಂತೆ

ವಿಶ್ವವಿದ್ಯಾಲಯದ ಹಾಸ್ಟೆಲ್‌ಗೆ ಹೊಸದಾಗಿ ವಾರ್ಡನ್ ಆದವರ ಕೈಗೆ ಬರುವುದು ಬೀಗದ ಕೈ ಗೊಂಚಲು, ಕೊಠಡಿಗಳ ಪಟ್ಟಿ, ಹಿಂದಿನ ವರ್ಷದ ಬಾಕಿ ಲೆಕ್ಕ. ಪಾಠ ಮಾಡುತ್ತಲೇ ಇದನ್ನೂ ತೂಗಿಸಬೇಕು. ಬಹುತೇಕ ಹಾಸ್ಟೆಲ್‌ಗಳಲ್ಲಿ ಜನರಿಗೆ ಕೊರತೆಯಿಲ್ಲ: ವಾರ್ಡನ್, ಗುಮಾಸ್ತ, ಅಡುಗೆಯವರು, ವಾಚ್‌ಮನ್, ಮೆಸ್ ಕಮಿಟಿ ಎಲ್ಲ ಇರುತ್ತಾರೆ. ಯಾವ ವಿಷಯ ಯಾರ ಬಳಿಗೆ, ಎಷ್ಟು ಹೊತ್ತಿನೊಳಗೆ ಹೋಗಬೇಕೆಂದು ಗೊತ್ತಿಲ್ಲದೇ ಇರುವುದೇ ತೊಂದರೆಗೆ ಮೂಲ. 140 ವಿದ್ಯಾರ್ಥಿಗಳ ಹಾಸ್ಟೆಲ್ ಒಂದನ್ನು ಲೆಕ್ಕಕ್ಕಿಟ್ಟುಕೊಂಡು, ಪ್ರವೇಶದಿಂದ ದಸರಾ ರಜೆಯವರೆಗಿನ ಕೆಲಸವನ್ನು ಇಲ್ಲಿ ವಿವರಿಸಿದೆ.

ಮಕ್ಕಳು ಬರುವ ಮೊದಲು

ಕೊಠಡಿ ಹಂಚಿಕೆಯನ್ನು ಗುಮಾಸ್ತರಿಗೆ ಬಿಟ್ಟರೆ ಅರ್ಜಿ ಬಂದ ಕ್ರಮದಲ್ಲೇ ಹಂಚುತ್ತಾರೆ. ಒಂದೇ ಊರಿನಿಂದ ಒಟ್ಟಿಗೆ ಬಂದವರು ಒಂದೇ ಕೋಣೆ ಸೇರಿ ತಿಂಗಳೊಳಗೆ ಗುಂಪು ಕಟ್ಟುತ್ತಾರೆ. ಮೂವರ ಕೋಣೆಯಾದರೆ ಬೇರೆ ಬೇರೆ ಜಿಲ್ಲೆ, ಬೇರೆ ಬೇರೆ ವಿಭಾಗದವರನ್ನು ಸೇರಿಸಿ. ಜಾತಿ ನೋಡಿ ಹಂಚಬೇಡಿ, ಯಾರು ಶಿಫಾರಸು ತಂದರೂ ಸರಿ. ಕನ್ನಡ ಬಾರದ ಹುಡುಗನಿಗೆ ಅವನ ಭಾಷೆಯೋ ಇಂಗ್ಲಿಷೋ ಸರಾಗವಾಗಿ ಬರುವ ಒಬ್ಬ ಜೊತೆಗಾರನಾದರೂ ಇರಲಿ. ನಡೆಯಲು ಕಷ್ಟವಿರುವವರಿಗೆ ನೆಲಮಹಡಿ, ಶೌಚಾಲಯಕ್ಕೆ ಹತ್ತಿರದ ಕೋಣೆ ಮೊದಲೇ ತೆಗೆದಿಡಿ.

ಕೋಣೆಯಲ್ಲಿ ಏನೇನಿದೆ ಎಂಬ ಚೀಟಿಯನ್ನು (ಮಂಚ, ಮೇಜು, ಕುರ್ಚಿ, ಬೀರು, ಫ್ಯಾನ್, ಕಿಟಕಿ ಗಾಜು) ಸೇರುವ ದಿನವೇ ಬರೆದು ವಿದ್ಯಾರ್ಥಿ, ವಾರ್ಡನ್ ಇಬ್ಬರೂ ಸಹಿ ಮಾಡಬೇಕು. ಇದಿಲ್ಲದಿದ್ದರೆ ಹಿಂದಿನವರು ಒಡೆದ ಗಾಜಿನ ದುಡ್ಡು ಈ ವರ್ಷದವರ ಠೇವಣಿಯಲ್ಲಿ ಮುರಿಯುತ್ತದೆ.

ಪ್ರವೇಶದ ಅರ್ಜಿಯ ಜೊತೆ ಇನ್ನೊಂದು ಹಾಳೆ ಬೇಕು: ರಕ್ತದ ಗುಂಪು, ದಿನವೂ ತೆಗೆದುಕೊಳ್ಳುವ ಮಾತ್ರೆ, ಆಸ್ತಮಾ, ಫಿಟ್ಸ್, ಸಕ್ಕರೆ ಕಾಯಿಲೆ, ಆಗದ ಆಹಾರ, ಮನೆಯವರ ಎರಡು ಫೋನ್ ನಂಬರ್, ಊರಿನಲ್ಲಿರುವ ಒಬ್ಬ ನೆಂಟರೋ ಪರಿಚಯದವರೋ ಇದ್ದರೆ ಅವರ ನಂಬರ್. ಇದು ವಾರ್ಡನ್ ಬಳಿ ಬೀಗದೊಳಗಿರಲಿ. ಫಿಟ್ಸ್ ಬರುವ ಹುಡುಗಿಯ ವಿಷಯ ಅವಳು ಒಪ್ಪಿದರೆ ಮಾತ್ರ ಕೋಣೆಯ ಜೊತೆಗಾರ್ತಿಗೆ ಹೇಳಿ. ಬಂದಾಗ ಒಂದು ಪಕ್ಕಕ್ಕೆ ಮಲಗಿಸುವುದು, ಬಾಯಿಗೆ ಏನೂ ತುರುಕದಿರುವುದು, ಐದು ನಿಮಿಷ ದಾಟಿದರೆ 108ಕ್ಕೆ ಫೋನ್ ಮಾಡುವುದು, ಇಷ್ಟನ್ನು ಕಲಿಸಿ. ಕೈಗೆ ಕಬ್ಬಿಣ ಕೊಡುವುದರಿಂದ ಉಪಯೋಗವಿಲ್ಲ.

ಮಹಡಿಗೆ ಇಬ್ಬರು

20ರಿಂದ 25 ಮಕ್ಕಳಿಗೆ ಅವರಲ್ಲೇ ಒಬ್ಬ ಫ್ಲೋರ್ ಲೀಡರ್ ಎಂಬುದು ಸರಿಯಾದ ಅಳತೆ. ಅದಕ್ಕಿಂತ ಹೆಚ್ಚಾದರೆ ಅವನಿಗೆ ಎಲ್ಲರ ಮುಖ ನೆನಪಿರುವುದಿಲ್ಲ. ಮಹಡಿಗೆ ಇಬ್ಬರಿದ್ದರೆ ಒಬ್ಬ ಊರಿಗೆ ಹೋದಾಗ ಇನ್ನೊಬ್ಬ ಇರುತ್ತಾನೆ. ಜೋರು ಬಾಯಿಯವನನ್ನೇ ಆರಿಸುವ ರೂಢಿಯಿದೆ, ಅದು ತಪ್ಪು. ಅಕ್ಕಪಕ್ಕದ ಕೋಣೆಯವರು ಚಾರ್ಜರ್ ಕೇಳಲು, ಜ್ವರದ ಮಾತ್ರೆ ಕೇಳಲು ಯಾರ ಬಾಗಿಲು ತಟ್ಟುತ್ತಾರೋ ಅವನೇ ಸರಿಯಾದ ಆಳು.

ದಂಡ ವಸೂಲಿ, ಕೋಣೆ ತಪಾಸಣೆ, ರಾತ್ರಿ ಹಾಜರಿ, ಇವನ್ನು ಅವನಿಗೆ ವಹಿಸಲೇಬೇಡಿ. ಒಮ್ಮೆ ಅವನು ವಾರ್ಡನ್ನರ ಕಡೆಯವನು ಎಂದಾದರೆ ಆಮೇಲೆ ಯಾರೂ ಏನೂ ಹೇಳುವುದಿಲ್ಲ. ನೋಡುವುದು, ಕೇಳುವುದು, ದಾಟಿಸುವುದು ಅವನ ಕೆಲಸ.

ಹೊಸಬರ ಮೊದಲ ವಾರಗಳಲ್ಲಿ ಅವನ ಕಣ್ಣು ಹೆಚ್ಚು ಬೇಕು. ರ್‍ಯಾಗಿಂಗ್ ತಡೆಗೆ ಯುಜಿಸಿ (ವಿಶ್ವವಿದ್ಯಾಲಯ ಅನುದಾನ ಆಯೋಗ) 2009ರಲ್ಲಿ ಮಾಡಿದ ನಿಯಮಗಳ ಪ್ರಕಾರ ಹೊಸಬರಿಗೆ ಪ್ರತ್ಯೇಕ ಬ್ಲಾಕ್ ಇರಬೇಕು. ಜಾಗವಿಲ್ಲದಿದ್ದರೆ ಹಿರಿಯರು ಅವರ ಕೋಣೆಗಳಿಗೆ ಹೋಗಿ ಬರುವುದರ ಮೇಲೆ ವಾರ್ಡನ್ ಮತ್ತು ಕಾವಲಿನವರು ಕಟ್ಟುನಿಟ್ಟಾಗಿ ಕಣ್ಣಿಡಬೇಕು. ರ್‍ಯಾಗಿಂಗ್ ಎಂದು ಖಚಿತವಾದರೆ ಸಂಸ್ಥೆಯ ಮುಖ್ಯಸ್ಥರು 24 ಗಂಟೆಯೊಳಗೆ ಪೊಲೀಸರಿಗೆ ದೂರು ಕೊಡಬೇಕು, ಒಳಗೊಳಗೇ ರಾಜಿ ಮಾಡಿಸಲು ಅವಕಾಶವಿಲ್ಲ. ಸಹಾಯವಾಣಿ 1800-180-5522 ಅನ್ನು ನೋಟಿಸ್ ಬೋರ್ಡಿನಲ್ಲಿ ಮಾತ್ರ ಹಾಕಿದರೆ ಸಾಲದು, ಸ್ನಾನದ ಮನೆಯ ಬಾಗಿಲ ಒಳಬದಿಯಲ್ಲೂ ಅಂಟಿಸಿ. ಯಾರ ಕಣ್ಣಿಗೂ ಬೀಳದೆ ನಂಬರ್ ಬರೆದುಕೊಳ್ಳಬಹುದಾದ ಜಾಗ ಅದೊಂದೇ.

ಮೆಸ್: ಲೆಕ್ಕ ತಪ್ಪುವುದು ಎಲ್ಲಿ

ನಮ್ಮಲ್ಲಿ ಹೆಚ್ಚಿನ ಕಡೆ ಇರುವುದು ಡಿವೈಡಿಂಗ್ ಸಿಸ್ಟಮ್. ತಿಂಗಳ ಒಟ್ಟು ಖರ್ಚನ್ನು ಒಟ್ಟು ಊಟದ ದಿನಗಳಿಂದ ಭಾಗಿಸಿ, ಯಾರು ಎಷ್ಟು ದಿನ ಉಂಡರೋ ಅಷ್ಟಕ್ಕೆ ಬಿಲ್. ನೋಡಲು ನ್ಯಾಯವೆನಿಸುತ್ತದೆ. ಆದರೆ ಅಡುಗೆಯವರ ಸಂಬಳವನ್ನೂ ಇದೇ ಲೆಕ್ಕಕ್ಕೆ ಸೇರಿಸಿದರೆ ಎಡವಟ್ಟಾಗುತ್ತದೆ.

ಸಂಬಳ 77,000 ರೂಪಾಯಿ ಎಂದುಕೊಳ್ಳಿ. ದಸರಾ ತಿಂಗಳಲ್ಲಿ ಅರ್ಧ ಜನ ಊರಿಗೆ ಹೋಗಿ ಊಟದ ದಿನಗಳು 2,200ಕ್ಕೆ ಇಳಿದರೆ ದಿನಕ್ಕೆ 35 ರೂಪಾಯಿ ಬರೀ ಸಂಬಳಕ್ಕೆ ಬೀಳುತ್ತದೆ. ಹತ್ತು ದಿನ ಉಂಡವನಿಗೆ 350, ಊರಿಗೆ ಹೋಗಲು ಬಸ್ ಚಾರ್ಜಿಲ್ಲದೆ 30 ದಿನವೂ ಉಳಿದವನಿಗೆ 1,050. ಬಡವನ ಮೇಲೆಯೇ ಹೊರೆ. ಆದ್ದರಿಂದ ಸಂಬಳವನ್ನು ತಲೆಗೆ ಸಮನಾಗಿ ಹಂಚಿ: 140 ಜನಕ್ಕೆ ತಲಾ 550. ದಿನಸಿ, ತರಕಾರಿ, ಹಾಲು, ಗ್ಯಾಸ್ ಮಾತ್ರ ದಿನದ ಲೆಕ್ಕದಲ್ಲಿರಲಿ. ಸಾಮಾನ್ಯ ತಿಂಗಳಲ್ಲಿ ಇವುಗಳ ಖರ್ಚು 3,82,000, ಊಟದ ದಿನಗಳು 3,820 ಎಂದಾದರೆ ದಿನಕ್ಕೆ 100 ರೂಪಾಯಿ. 26 ದಿನ ಉಂಡವನ ಬಿಲ್ 2,600 ಮತ್ತು 550 ಸೇರಿ 3,150. ಈ ಭಾಗಾಕಾರವನ್ನು ಮೆಸ್ ಕಮಿಟಿ ಬಿಲ್ಲುಗಳ ಸಮೇತ ಪ್ರತಿ ತಿಂಗಳೂ ಊಟದ ಹಾಲ್‌ನ ಗೋಡೆಗೆ ಹಾಕಬೇಕು. ಕಣ್ಣೆದುರು ಲೆಕ್ಕವಿದ್ದರೆ ಅರ್ಧ ಜಗಳ ಹುಟ್ಟುವುದೇ ಇಲ್ಲ.

ಮೆಸ್ ಕಟ್ (ಉಣ್ಣದ ದಿನಗಳನ್ನು ಬಿಲ್ಲಿನಿಂದ ಬಿಡಿಸಿಕೊಳ್ಳುವುದು) ಬೇಕಾದವರು ಹಿಂದಿನ ದಿನವೇ ಬರೆದುಕೊಡಬೇಕು. ಊರಿಂದ ಬಂದ ಮೇಲೆ ಕೊಟ್ಟ ಚೀಟಿಗೆ ಕಟ್ ಕೊಟ್ಟರೆ, ಅವರಿಗಾಗಿ ಅಂದು ಬೆಂದ ಅನ್ನದ ಖರ್ಚು ಉಳಿದವರ ತಲೆಗೆ ಬರುತ್ತದೆ. ಅಳತೆಗೆ ಒಂದು ಅಂದಾಜು: ಮಧ್ಯಾಹ್ನದ ಊಟಕ್ಕೆ ತಲಾ 120 ಗ್ರಾಂ ಅಕ್ಕಿಯಂತೆ 140 ಜನಕ್ಕೆ 17 ಕೆಜಿ, ಸಾರಿಗೆ 4 ಕೆಜಿ ತೊಗರಿಬೇಳೆ. ಮುದ್ದೆಯ ದಿನ ಅಕ್ಕಿ ಇಳಿಸಿ, ತಲಾ 100 ಗ್ರಾಂ ರಾಗಿ ಹಿಟ್ಟು ಹಿಡಿಯಿರಿ. ಬೀದರ್, ಕಲಬುರಗಿ ಕಡೆಯ ಮಕ್ಕಳು ಹೆಚ್ಚಿದ್ದರೆ ವಾರಕ್ಕೆ ಎರಡು ದಿನವಾದರೂ ಜೋಳದ ರೊಟ್ಟಿ ಇರಲಿ. ಮನೆಯ ಊಟ ಬಿಟ್ಟು ಬಂದವರಿಗೆ ಮೊದಲ ತಿಂಗಳು ಬಹಳ ಉದ್ದ.

ಆ ಪುಸ್ತಕದ ಖಾಲಿ ಚೌಕಗಳು

ಮೆಸ್ ಬಾಗಿಲ ಬಳಿ ಮೇಜಿನ ಮೇಲೆ ಹಾಜರಿ ಪುಸ್ತಕ ಇರುತ್ತದೆ, ದಾರ ಕಟ್ಟಿದ ಪೆನ್ನಿನೊಡನೆ. ಹೆಸರಿನ ಮುಂದೆ ದಿನಕ್ಕೆ ಮೂರು ಚೌಕ: ತಿಂಡಿ, ಮಧ್ಯಾಹ್ನ, ರಾತ್ರಿ. ಗುಮಾಸ್ತರು ತಿಂಗಳ ಕೊನೆಗೆ ಎಣಿಸಲು ಮಾತ್ರ ಇದನ್ನು ತೆರೆಯುತ್ತಾರೆ. ವಾರ್ಡನ್ ಇದನ್ನು ದಿನವೂ ರಾತ್ರಿ ಒಂಬತ್ತಕ್ಕೆ, ಐದೇ ನಿಮಿಷ, ನೋಡಬೇಕು. ಊರಿಗೆ ಹೋದವರ ಹೆಸರಿನ ಮುಂದೆ ಉದ್ದಕ್ಕೂ ಗೆರೆ ಇರುತ್ತದೆ. ಗೆರೆಯಿಲ್ಲದೆ ಚೌಕಗಳು ಖಾಲಿಯಿದ್ದರೆ ಆ ಹುಡುಗ ಹಾಸ್ಟೆಲ್‌ನಲ್ಲಿದ್ದಾನೆ, ಉಂಡಿಲ್ಲ. ತಿಂಡಿ ಬಿಡುವವರು ಬಹಳ, ಅದನ್ನು ಲೆಕ್ಕಕ್ಕೆ ಹಿಡಿಯಬೇಡಿ. ಎರಡು ರಾತ್ರಿ ಸಾಲಾಗಿ ಖಾಲಿಯಿದ್ದರೆ ಫ್ಲೋರ್ ಲೀಡರ್ ಅದೇ ಹೊತ್ತಿಗೆ ಆ ಬಾಗಿಲು ತಟ್ಟಬೇಕು. ಕೋಣೆಯಲ್ಲಿದ್ದೂ ಮೆಸ್ ಕಟ್ ಬರೆಸಿದವರ ಹೆಸರನ್ನೂ ಗುರುತಿಸಿಕೊಳ್ಳಿ.

ಕಾರಣ ಹೆಚ್ಚಾಗಿ ನಾಲ್ಕರಲ್ಲಿ ಒಂದು: ಜ್ವರ, ಜಗಳ, ದುಡ್ಡು, ಮನಸ್ಸು.

ಜ್ವರವಾದರೆ ಪ್ಯಾರಾಸಿಟಮಾಲ್ ಬಿಟ್ಟು ಬೇರೆ ನೋವಿನ ಮಾತ್ರೆ ಕೊಡಬೇಡಿ. ಮಳೆಗಾಲದಲ್ಲಿ ಅದು ಡೆಂಗಿ ಆಗಿರಬಹುದು, ಆಗ ಐಬುಪ್ರೊಫೆನ್, ಆಸ್ಪಿರಿನ್ ರಕ್ತಸ್ರಾವಕ್ಕೆ ದಾರಿ. ವಿಪರೀತ ಹೊಟ್ಟೆನೋವು, ನಿಲ್ಲದ ವಾಂತಿ, ವಸಡಿನಲ್ಲಿ ರಕ್ತ ಕಂಡರೆ ಬೆಳಗಾಗುವವರೆಗೆ ಕಾಯದೆ ಆಸ್ಪತ್ರೆಗೆ ಕರೆದೊಯ್ಯಿರಿ. ಒಂದೇ ದಿನ ಮೂವರಿಗೆ ಭೇದಿಯಾದರೆ ಅದು ಮೆಸ್ಸಿನದೋ ನೀರಿನದೋ ಎಂದೇ ತಿಳಿದು, ಉಳಿದ ಅಡುಗೆಯನ್ನು ಬಡಿಸದೆ, ಚೆಲ್ಲದೆ ಫ್ರಿಜ್‌ನಲ್ಲಿಟ್ಟು ಆರೋಗ್ಯ ಇಲಾಖೆಗೆ ತಿಳಿಸಿ. ಓವರ್‌ಹೆಡ್ ಟ್ಯಾಂಕಿನ ನೀರಿನಲ್ಲಿ ಉಳಿದಿರಬೇಕಾದ ಕ್ಲೋರಿನ್ ಲೀಟರಿಗೆ ಕನಿಷ್ಠ 0.2 ಮಿಲಿಗ್ರಾಂ. ಇದನ್ನು ಟ್ಯಾಂಕಿನಲ್ಲಲ್ಲ, ಕೊನೆಯ ನಲ್ಲಿಯಲ್ಲಿ ಪರೀಕ್ಷಿಸಬೇಕು.

ದುಡ್ಡಿನ ವಿಷಯವನ್ನು ಯಾರೂ ಬಾಯಿಬಿಟ್ಟು ಹೇಳುವುದಿಲ್ಲ. ವಿದ್ಯಾರ್ಥಿವೇತನ ಬಾರದಿದ್ದರೆ ಎಸ್‌ಎಸ್‌ಪಿ (ರಾಜ್ಯ ಸರ್ಕಾರದ ವಿದ್ಯಾರ್ಥಿವೇತನ ಪೋರ್ಟಲ್) ಅರ್ಜಿಯನ್ನು ಜೊತೆಗೆ ಕೂತು ತೆರೆದು ನೋಡಿ. ಸಾಮಾನ್ಯವಾಗಿ ಸಿಕ್ಕಿಹಾಕಿಕೊಳ್ಳುವ ಜಾಗಗಳಿವು: ಬ್ಯಾಂಕ್ ಖಾತೆಗೆ ಆಧಾರ್ ಜೋಡಣೆಯಾಗಿಲ್ಲ, ಎಸ್‌ಎಸ್‌ಎಲ್‌ಸಿ ಅಂಕಪಟ್ಟಿಯ ಹೆಸರಿಗೂ ಆಧಾರ್ ಹೆಸರಿಗೂ ಒಂದಕ್ಷರ ವ್ಯತ್ಯಾಸ, ಜಾತಿ-ಆದಾಯ ಪ್ರಮಾಣಪತ್ರದ ಅವಧಿ ಮುಗಿದಿದೆ. ಹಣ ಬರುವವರೆಗೆ ಮೆಸ್ ಬಾಕಿಗೆ ಕಂತು ಮಾಡಿಕೊಡಿ. ಬಾಕಿದಾರರ ಹೆಸರನ್ನು ಬೋರ್ಡಿಗೆ ಹಾಕಬೇಡಿ, ಹಾಕಿದ ಮರುದಿನದಿಂದಲೇ ಅವರು ಊಟಕ್ಕೆ ಬರುವುದು ನಿಲ್ಲಿಸುತ್ತಾರೆ.

ಮನಸ್ಸು ಕುಸಿದವರೊಡನೆ ಮಾತು

ಮೊದಲು ಹೋಗಬೇಕಾದವನು ಫ್ಲೋರ್ ಲೀಡರ್. “ಯಾಕೋ ಎರಡು ದಿನದಿಂದ ಕಾಣ್ಲಿಲ್ಲ, ಬಾ, ಊಟಕ್ಕೆ ಹೋಗೋಣ” ಎಂದರೆ ಸಾಕು. ಬರಲಿಲ್ಲ, ಅಥವಾ ಬಂದು ತಟ್ಟೆ ಮುಂದೆ ಸುಮ್ಮನೆ ಕೂತ ಎಂದರೆ ಅಂದೇ ವಾರ್ಡನ್‌ಗೆ ತಿಳಿಸಬೇಕು. ವಾರ್ಡನ್ ಅವನನ್ನು ಆಫೀಸಿಗೆ ಕರೆಸುವುದು ಬೇಡ, ಎಲ್ಲರೂ ನೋಡುತ್ತಾರೆ. ಹೊರಗೆ ಒಂದು ಸುತ್ತು ನಡೆಯುತ್ತಾ “ಏನಾಯ್ತಪ್ಪಾ?” ಎಂದು ಕೇಳಿ, ಆಮೇಲೆ ತಾವು ಮಾತಾಡದೆ ಇರಬೇಕು. “ನಿನ್ನ ವಯಸ್ಸಲ್ಲಿ ನಾವು” ಎಂದು ಶುರುವಾದರೆ ಅಲ್ಲಿಗೆ ಮಾತು ಮುಗಿಯಿತು.

ಸಂಶಯ ಬಂದರೆ ನೇರವಾಗಿ ಕೇಳಿ: “ಜೀವ ಕಳ್ಕೋಬೇಕು ಅನ್ನಿಸಿದ್ಯಾ?” ಕೇಳುವುದರಿಂದ ಇಲ್ಲದ ಯೋಚನೆ ಹುಟ್ಟುವುದಿಲ್ಲ, ಇದ್ದ ಭಾರ ಇಳಿಯುತ್ತದೆ. ಹೌದು ಎಂದರೆ ಆ ಕ್ಷಣದಿಂದ ಒಬ್ಬರೇ ಇರಲು ಬಿಡಬಾರದು. “ಯಾರಿಗೂ ಹೇಳೋದಿಲ್ಲ” ಎಂದು ಮಾತು ಕೊಡಬೇಡಿ. “ಯಾರಿಗೆ ಹೇಳ್ಬೇಕೋ ನಿನ್ನ ಜೊತೆಗೇ ಕೂತು ಹೇಳ್ತೀನಿ” ಎನ್ನಿ. ಸರ್ಕಾರದ ಮಾನಸಿಕ ಆರೋಗ್ಯ ಸಹಾಯವಾಣಿ ಟೆಲಿ ಮಾನಸ್ 14416 ದಿನದ 24 ಗಂಟೆಯೂ ಸಿಗುತ್ತದೆ, ಕನ್ನಡದಲ್ಲೇ ಮಾತಾಡುತ್ತಾರೆ. ಅದೇ ದಿನ ಮನೋವೈದ್ಯರ ಬಳಿ ಕರೆದೊಯ್ಯಬೇಕು. 100 ಅಥವಾ ಹೆಚ್ಚು ವಿದ್ಯಾರ್ಥಿಗಳಿರುವ ಸಂಸ್ಥೆಯಲ್ಲಿ ಅರ್ಹ ಆಪ್ತಸಮಾಲೋಚಕರೋ ಮನಶ್ಶಾಸ್ತ್ರಜ್ಞರೋ ಒಬ್ಬರಾದರೂ ಇರಬೇಕೆಂದು ಸುಪ್ರೀಂ ಕೋರ್ಟ್ ಜುಲೈ 2025ರಲ್ಲಿ ಹೇಳಿದೆ. ನಿಮ್ಮಲ್ಲಿ ಇಲ್ಲದಿದ್ದರೆ ಕುಲಸಚಿವರಿಗೆ ಇದನ್ನೇ ಉಲ್ಲೇಖಿಸಿ ಪತ್ರ ಬರೆಯಿರಿ.

ದೂರು ಮತ್ತು ಗೇಟು

ದೂರು ಪುಸ್ತಕದಲ್ಲಿ ಕ್ರಮಸಂಖ್ಯೆ, ತಾರೀಖು, ಯಾರಿಗೆ ವಹಿಸಿದೆ ಎಂಬ ಕಲಮು ಇರಲಿ. ಕೆಲಸ ಆಯಿತೆಂದು ಸಹಿ ಮಾಡಬೇಕಾದವರು ಪ್ಲಂಬರ್ ಅಲ್ಲ, ದೂರು ಕೊಟ್ಟವರು. ಹಾಸ್ಟೆಲ್ ಮಟ್ಟದಲ್ಲಿ ಬಗೆಹರಿಯದ್ದು ವಿದ್ಯಾರ್ಥಿ ಕುಂದುಕೊರತೆ ಪರಿಹಾರ ಸಮಿತಿಗೆ ಹೋಗಬೇಕು. ಯುಜಿಸಿಯ 2023ರ ನಿಯಮದಂತೆ ಸಮಿತಿಗೆ 15 ಕೆಲಸದ ದಿನಗಳ ಗಡುವು. ಲೈಂಗಿಕ ಕಿರುಕುಳದ ದೂರನ್ನು ಮಾತ್ರ ವಾರ್ಡನ್ ತಾವೇ ವಿಚಾರಿಸಿ ಮುಗಿಸಲು ಹೋಗಬಾರದು. ಅದು ಆಂತರಿಕ ದೂರು ಸಮಿತಿಗೆ, ಸಾಮಾನ್ಯವಾಗಿ ಘಟನೆ ನಡೆದ ಮೂರು ತಿಂಗಳೊಳಗೆ, ಬರಹದಲ್ಲಿ ಹೋಗಬೇಕು. ಬರೆಯಲು ಆಗದವರಿಗೆ ಸಹಾಯ ಮಾಡಿ.

ಹುಡುಗಿಯರ ಹಾಸ್ಟೆಲ್ ಗೇಟು ಸಂಜೆಯೇ ಮುಚ್ಚಿ, ಹುಡುಗರದು ತೆರೆದೇ ಇರುವ ಪದ್ಧತಿಯನ್ನು ಸುರಕ್ಷತೆಯ ಹೆಸರಿನಲ್ಲಿ ಸಮರ್ಥಿಸಲಾಗದು. ಯುಜಿಸಿಯ 2015ರ ನಿಯಮಗಳೇ ಅಂಥ ತಾರತಮ್ಯ ಬೇಡವೆನ್ನುತ್ತವೆ. ಲೈಬ್ರರಿ ಮುಚ್ಚುವ ಹೊತ್ತಿಗೆ ಅರ್ಧ ಗಂಟೆ ಸೇರಿಸಿ ಇಬ್ಬರಿಗೂ ಒಂದೇ ಸಮಯ ಇಡುವುದು ಸರಿ. ದಾರಿಯ ದೀಪಗಳನ್ನು ಮೊದಲು ಸರಿಮಾಡಿಸಿ.

ರಜೆಯಲ್ಲಿ ಉಳಿದವರು

ದಸರೆಗೆ ಹದಿನೈದು ದಿನ ಮೊದಲೇ ಯಾರು ಉಳಿಯುತ್ತಾರೆಂದು ಪಟ್ಟಿ ಮಾಡಿ. ಈಶಾನ್ಯ ರಾಜ್ಯದವರು, ವಿದೇಶದವರು, ಪ್ರಯೋಗಾಲಯದ ಕೆಲಸ ನಿಲ್ಲಿಸಲಾಗದ ಸಂಶೋಧಕರು, ಹೋಗಲು ಮನೆಯೇ ಇಲ್ಲದವರು ಅದರಲ್ಲಿರುತ್ತಾರೆ. ಹತ್ತು ಜನಕ್ಕೆ ಒಂದು ಮೆಸ್ ನಡೆಯುವುದಿಲ್ಲ. ಕ್ಯಾಂಪಸ್ಸಿನ ಎಲ್ಲ ಹಾಸ್ಟೆಲ್‌ಗಳ ವಾರ್ಡನ್‌ಗಳು ಸೇರಿ ಒಂದೇ ಮೆಸ್ ತೆರೆದಿಡಲಿ, ಅಡುಗೆಯವರಿಗೆ ಸರದಿಯಲ್ಲಿ ರಜೆ ಕೊಡಲಿ. ಆಯುಧಪೂಜೆಯ ದಿನ ಸಿಹಿ ಮಾಡಿಸಿ. ಆ ಮೆಸ್ಸಿನ ಬಾಗಿಲಲ್ಲೂ ಒಂದು ಹಾಜರಿ ಪುಸ್ತಕ ಇಡಿಸಿ, ರಾತ್ರಿ ಒಂಬತ್ತಕ್ಕೆ ಅದನ್ನು ನೋಡುವವರು ಯಾರೆಂದು ಹೆಸರು ಬರೆದು ಹೋಗಿ.