ಕಿತ್ತ ಮರುದಿನದ ಕಾಟ: ಕಿವಿ ಹಿಂದಿನ ಪ್ಯಾಚ್ ಮತ್ತು ನಾನು

ಹಡಗಿನಲ್ಲಿ ವಾಂತಿ ಬರದಂತೆ ಕಿವಿ ಹಿಂದೆ ಅಂಟಿಸಿಕೊಳ್ಳುವ ಔಷಧದ ಪ್ಯಾಚ್ ಇದೆಯಲ್ಲ, ಕಳೆದ ನಾಲ್ಕು ಟ್ರಿಪ್‌ಗಳನ್ನು ನಾನು ತಲಾ ಒಂದೇ ಪ್ಯಾಚ್‌ನಲ್ಲಿ ಮುಗಿಸಿದ್ದೇನೆ. ನಾಲ್ಕರಲ್ಲೂ ಹಡಗು ಇಳಿದ ಮರುದಿನವೇ ನೆಟ್ಟಗೆ ನಡೆದುಕೊಂಡು ಕೆಲಸಕ್ಕೆ ಹೋಗಿದ್ದೇನೆ. "ಪ್ಯಾಚ್ ಕಿತ್ತರೆ ಕಾಯಿಲೆ ಬರುತ್ತೆ ಅನ್ನೋದೆಲ್ಲ ನಿನ್ನ ಭ್ರಮೆ" ಅಂದವರಲ್ಲಿ ಇಬ್ಬರು ಈಚೆಗೆ ತಾವಾಗಿಯೇ ಬಂದು "ನೀನು ಹೇಗೆ ಮಾಡ್ತೀಯ, ಸ್ವಲ್ಪ ಹೇಳು" ಎಂದು ಕೇಳಿದರು. ಅವರಿಗೆ ಬಾಯಲ್ಲಿ ಹೇಳಿದ್ದನ್ನೇ ಇಲ್ಲಿ ಬರೆದಿಡುತ್ತಿದ್ದೇನೆ. ಅದರಲ್ಲಿರುವ ಸ್ಕೊಪೊಲಮಿನ್ ಎಂಬ ಔಷಧ ಹೇಗೆ ಕೆಲಸ ಮಾಡುತ್ತದೆ, ಹೊರಡುವ ನಾಲ್ಕು ಗಂಟೆ ಮೊದಲೇ ಯಾಕೆ ಅಂಟಿಸಬೇಕು ಎನ್ನುವುದೆಲ್ಲ ಇದನ್ನು ಓದುವವರಿಗೆ ಗೊತ್ತಿರುತ್ತದೆ. ಅದಕ್ಕೆ ಕೈ ಹಾಕುವುದಿಲ್ಲ.

ನಾನು ಸಮೀಕ್ಷಾ ಹಡಗುಗಳಲ್ಲಿ ಉಪಕರಣ ನೋಡಿಕೊಳ್ಳುವವನು. ಚಿಕ್ಕ ಹಡಗು, ಅಡ್ಡಡ್ಡ ಹೊರಳುವ ಹಡಗು. ಕಿಟಕಿಯಿಲ್ಲದ ಕೋಣೆಯಲ್ಲಿ ಪರದೆ ನೋಡುತ್ತ ಕೂರುವ ಕೆಲಸ. ಹೊಟ್ಟೆ ತೊಳಸಲು ಇದಕ್ಕಿಂತ ಒಳ್ಳೆಯ ಜಾಗ ಬೇರೆ ಇಲ್ಲ. ಶುಂಠಿ ಅಗಿದೆ, ಮಣಿಕಟ್ಟಿಗೆ ಒತ್ತುವ ಪಟ್ಟಿ ಕಟ್ಟಿಕೊಂಡೆ, ವಾಂತಿ ತಡೆಯುವ ಪ್ರೊಮೆಥಜಿನ್ ಮಾತ್ರೆ ನುಂಗಿ ಪರದೆಯ ಮುಂದೆಯೇ ನಿದ್ದೆ ಹೋಗಿ ಬೈಸಿಕೊಂಡೆ. ಕೊನೆಗೆ ವೈದ್ಯರು ಪ್ಯಾಚ್ ಬರೆದುಕೊಟ್ಟಾಗ ಹೊಸ ಜನ್ಮ ಸಿಕ್ಕಂತಾಯಿತು. ಮೊದಲ ಟ್ರಿಪ್‌ನಲ್ಲಿ ಒಂದು ಸಲವೂ ವಾಂತಿಯಿಲ್ಲ.

ಎಡವಟ್ಟಾಗಿದ್ದು ಮೂರನೆಯ ಟ್ರಿಪ್‌ನಲ್ಲಿ. ಹದಿನೇಳೋ ಹದಿನೆಂಟೋ ದಿನ ಸಮುದ್ರದಲ್ಲಿದ್ದೆವು. ಮೂರು ದಿನಕ್ಕೊಂದರಂತೆ ಎಡಗಿವಿ, ಬಲಗಿವಿ ಬದಲಾಯಿಸುತ್ತ ಆರು ಪ್ಯಾಚ್ ಹಾಕಿಕೊಂಡೆ. ಬಾಯಿ ಮರದ ತೊಗಟೆಯಂತೆ ಒಣಗಿತ್ತು, ಹತ್ತಿರದ ಅಕ್ಷರಗಳು ಮಸುಕಾಗಿದ್ದವು, ಮೂತ್ರ ಮಾಡಲು ಗೋಡೆ ನೋಡಿಕೊಂಡು ನಿಮಿಷಗಟ್ಟಲೆ ನಿಲ್ಲಬೇಕಿತ್ತು. ಎಲ್ಲವನ್ನೂ ಸಹಿಸಿಕೊಂಡೆ. ಬಂದರು ಮುಟ್ಟಿದ ಸಂಜೆ ಪ್ಯಾಚ್ ಕಿತ್ತು ಎಸೆದು ಸುಖವಾಗಿ ನಿದ್ದೆ ಮಾಡಿದೆ.

ಮರುದಿನ ರಾತ್ರಿ ಹಾಸಿಗೆಯಲ್ಲಿ ಮಗ್ಗುಲು ಬದಲಾಯಿಸಿದೆ ನೋಡಿ, ಕೋಣೆಯೇ ಕಿತ್ತುಕೊಂಡು ತಿರುಗಿದಂತಾಯಿತು. ಬೆಳಗಾಗುವುದರೊಳಗೆ ಮೂರು ಸಲ ವಾಂತಿ. ತಲೆನೋವು, ತಣ್ಣನೆಯ ಬೆವರು, ಕಾಲುಗಳಲ್ಲಿ ಕಸುವೇ ಇಲ್ಲ. ನಾಡಿ ನಿಮಿಷಕ್ಕೆ ಐವತ್ತರ ಆಸುಪಾಸು. ಎದ್ದು ನಿಂತರೆ ಕಣ್ಣಿಗೆ ಕತ್ತಲೆ. ಹಡಗಿನಲ್ಲಿ ಆಗದಿದ್ದ ವಾಂತಿಯೆಲ್ಲ ಗಟ್ಟಿ ನೆಲದ ಮೇಲೆ ಬಡ್ಡಿ ಸಮೇತ ಆಯಿತು. ಎಂಟೊಂಬತ್ತು ದಿನ ಹೀಗೇ ನಡೆಯಿತು.

ಖರ್ಚಿನ ಮಾತನ್ನು ಮುಚ್ಚಿಡುವುದಿಲ್ಲ. ಹನ್ನೊಂದು ದಿನದ ಸಂಬಳ ಹೋಯಿತು. ಕಿವಿಯ ತಜ್ಞರ ಹತ್ತಿರ ಹೋದರೆ ಕಿವಿ ಸರಿಯಿದೆ ಅಂದರು. ಆಮೇಲೆ ಮಿದುಳಿನ ಎಂಆರ್‌ಐ, ಅದೂ ಸ್ವಚ್ಛ. ಕಾಯಿಲೆಯ ಹೆಸರು ಸಿಗದ ಕಾರಣ ವಿಮೆಯವರು ಬಿಲ್ಲು ತಿರಸ್ಕರಿಸಿದರು. ಮುಂದಿನ ಗುತ್ತಿಗೆಗೆ ನನ್ನ ಬದಲು ಇನ್ನೊಬ್ಬನನ್ನು ಕಳಿಸಿದರು. ಎಲ್ಲ ಸೇರಿಸಿದರೆ ಹೆಚ್ಚುಕಡಿಮೆ ಎರಡು ತಿಂಗಳ ದುಡಿಮೆ ನೀರಿಗೆ ಹೋಯಿತು. ಆ ಎಂಆರ್‌ಐ ಕೋಣೆಯ ಹುಡುಗ ಮಾತ್ರ ಒಂದು ಒಳ್ಳೆಯ ಪ್ರಶ್ನೆ ಕೇಳಿದ್ದ: "ಮೈಮೇಲೆ ಯಾವುದಾದರೂ ಪ್ಯಾಚ್ ಇದೆಯಾ ಸಾರ್?" ಈ ಪ್ಯಾಚಿನ ಒಂದು ಪದರದಲ್ಲಿ ಅಲ್ಯೂಮಿನಿಯಂ ಇರುತ್ತದೆ. ಕೀಳದೆ ಒಳಗೆ ಮಲಗಿದರೆ ಚರ್ಮ ಸುಡಬಹುದು. ನಾನು ಆಗಲೇ ಕಿತ್ತಿದ್ದೆ. ಆದರೆ ಆ ಪ್ರಶ್ನೆಯೇ ಮೊದಲ ಸಲ ನನ್ನ ಅನುಮಾನವನ್ನು ಪ್ಯಾಚ್ ಕಡೆಗೆ ತಿರುಗಿಸಿತು.

ಜೊತೆಗಾರರು ಒಪ್ಪಲಿಲ್ಲ. "ಎರಡು ವಾರ ಅಲ್ಲಾಡಿ ಬಂದವನಿಗೆ ನೆಲ ಅಲ್ಲಾಡೋದು ಹೊಸದೇನಲ್ಲ, ನಾಲ್ಕು ದಿನ ತಡ್ಕೋ" ಅಂದರು. ನಾನು ತೋರಿಸಿದ ಒಬ್ಬ ವೈದ್ಯರೂ ಅದನ್ನೇ ಹೇಳಿದರು. ನೆಲ ಅಲ್ಲಾಡುವುದು ನನಗೂ ಗೊತ್ತು. ಅದರಲ್ಲಿ ತೂಗಿದ ಹಾಗಾಗುತ್ತದೆ, ತೇಲಿದ ಹಾಗಾಗುತ್ತದೆ, ಆದರೆ ಗಾಡಿಯಲ್ಲಿ ಕೂತು ಹೊರಟರೆ ಹಾಯೆನಿಸುತ್ತದೆ. ನನಗೆ ಆಗಿದ್ದು ತದ್ವಿರುದ್ಧ. ಗಾಡಿ ಹತ್ತಿದರೆ ಹೊಟ್ಟೆ ಬಾಯಿಗೆ ಬರುತ್ತಿತ್ತು, ಅಲ್ಲಾಡದೆ ಮಲಗಿದರೆ ಮಾತ್ರ ಸ್ವಲ್ಪ ಶಾಂತಿ.

ವಾದ ಮಾಡಿ ಪ್ರಯೋಜನವಿಲ್ಲ ಎಂದು ನೋಟ್ ಪುಸ್ತಕ ಹಿಡಿದು ಕೂತೆ. ಮುಂದಿನ ಎರಡು ಟ್ರಿಪ್‌ಗಳಲ್ಲಿ ಅಂಟಿಸಿದ ಗಂಟೆ, ಕಿತ್ತ ಗಂಟೆ, ವಾಕರಿಕೆ ಶುರುವಾದ ಗಂಟೆ, ಮೂರನ್ನೂ ಬರೆದೆ. ಒಂದು ಟ್ರಿಪ್‌ನಲ್ಲಿ ಬಂದರಿಗೆ ಎರಡು ದಿನ ಇರುವಾಗಲೇ ಕಿತ್ತೆ. ಸಮುದ್ರ ಕನ್ನಡಿಯಂತಿತ್ತು, ಆದರೂ ಸುಮಾರು ಇಪ್ಪತ್ತಾರು ಗಂಟೆಗೆ ತಲೆ ಸುತ್ತಿತು. ಇನ್ನೊಂದರಲ್ಲಿ ಇಳಿಯುವ ದಿನ ಅಂಟಿಸಿದ್ದನ್ನು ಕೀಳದೆ ಮೂರು ದಿನ ಮನೆಯಲ್ಲೇ ಉಳಿಸಿಕೊಂಡೆ. ಆ ಮೂರು ದಿನ ನೆಲ ಅಲ್ಲಾಡಲೂ ಇಲ್ಲ, ಹೊಟ್ಟೆ ತೊಳಸಲೂ ಇಲ್ಲ. ಕಿತ್ತ ಮರುದಿನ ಅದೇ ಹೊತ್ತಿಗೆ ಹಾಜರ್. ಅಂದರೆ ಈ ಕಾಯಿಲೆ ಎಣಿಸುತ್ತಿದ್ದದ್ದು ಪ್ಯಾಚಿನ ಗಡಿಯಾರವನ್ನು. ಬಂದರು ಯಾವಾಗ ಬಂತು ಎಂಬುದು ಅದಕ್ಕೆ ಬೇಕಿರಲಿಲ್ಲ. ಆ ಪುಟ ನೋಡಿದ ದಿನ ನನಗಾದ ಸಮಾಧಾನ ಅಷ್ಟಿಷ್ಟಲ್ಲ.

ಆಮೇಲೆ ಡಬ್ಬಿಯೊಳಗಿನ ಸಣ್ಣಕ್ಷರದ ಕಾಗದ ಬಿಡಿಸಿ ಓದಿದರೆ ಎಲ್ಲವೂ ಅಲ್ಲೇ ಬರೆದಿದೆ: ಹಲವು ದಿನ ಬಳಸಿ ನಿಲ್ಲಿಸಿದವರಿಗೆ ತಲೆಸುತ್ತು, ವಾಕರಿಕೆ, ವಾಂತಿ, ತಲೆನೋವು, ಸ್ನಾಯುಗಳ ನಿಶ್ಶಕ್ತಿ, ನಿಧಾನವಾದ ನಾಡಿ, ಇಳಿದ ರಕ್ತದೊತ್ತಡ, ಸಾಮಾನ್ಯವಾಗಿ ಕಿತ್ತ 24 ಗಂಟೆಯ ಮೇಲೆ. ಪ್ಯಾಚ್ ಕಿತ್ತ ಮೇಲೂ ಚರ್ಮದಲ್ಲಿ ಉಳಿದ ಔಷಧ ಒಳಗೆ ಹೋಗುತ್ತಲೇ ಇರುತ್ತದೆ. ರಕ್ತದಲ್ಲಿ ಅದು ಅರ್ಧಕ್ಕೆ ಇಳಿಯಲು ಸುಮಾರು ಒಂಬತ್ತೂವರೆ ಗಂಟೆ ಬೇಕು. ಲೆಕ್ಕ ಹಾಕಿದರೆ ಒಂದು ದಿನ ಕಳೆಯುವಾಗ ಆರರಲ್ಲಿ ಒಂದು ಪಾಲು ಉಳಿದಿರುತ್ತದೆ. ನನ್ನ ಇಪ್ಪತ್ತಾರು ಗಂಟೆಗೂ ಇದಕ್ಕೂ ತಾಳೆಯಾಯಿತು. ಅಷ್ಟು ದಿನ ಬಾಯಿಗೆ ಬಟ್ಟೆ ತುರುಕಿಸಿಕೊಂಡು ಕೂತಿದ್ದ ನರಗಳು ಒಮ್ಮೆಲೇ ಕಿರುಚಲು ಶುರುಮಾಡುತ್ತವೆ ಎಂದು ನಾನು ಅರ್ಥ ಮಾಡಿಕೊಂಡೆ.

ಇನ್ನು ಪರಿಹಾರಕ್ಕಾಗಿ ಪಟ್ಟ ಪಾಡು. ಮೊದಲು ಮಾಡಿದ ದಡ್ಡ ಕೆಲಸ, ಕತ್ತರಿ ಹಿಡಿದಿದ್ದು. ಅರ್ಧ ಪ್ಯಾಚ್ ಹಾಕಿಕೊಂಡರೆ ಅರ್ಧ ಔಷಧ, ಮೆಲ್ಲಗೆ ಬಿಡಬಹುದು ಎಂದುಕೊಂಡೆ. ಇದು ಬರೀ ಔಷಧ ಹಚ್ಚಿದ ಬಟ್ಟೆಯಲ್ಲ. ಮೂರು ದಿನದಲ್ಲಿ ಸುಮಾರು 1 ಮಿಲಿಗ್ರಾಂ ಮಾತ್ರ ಹೊರಗೆ ಬರುವಂತೆ ತಡೆಯುವ ಪೊರೆ ಒಳಗಿದೆ. ಕತ್ತರಿಸಿದ ಅಂಚಿನಲ್ಲಿ ಆ ಲೆಕ್ಕಕ್ಕೆ ಬೆಲೆಯಿಲ್ಲ. ನನಗೆ ಮೊದಲ ಮಧ್ಯಾಹ್ನವೇ ಮಂಪರು, ಮಾತು ತೊದಲು. ಮರುದಿನಕ್ಕೆ ಏನೂ ಉಳಿದಿರಲಿಲ್ಲ. ಕತ್ತರಿಸಬೇಡಿ ಎಂದು ಡಬ್ಬಿಯೊಳಗಿನ ಕಾಗದದಲ್ಲೇ ಇದೆ, ನಾನೂ ಹೇಳುತ್ತೇನೆ.

ಅದೇ ದಿನ ಇನ್ನೊಂದು ಆಯಿತು. ಪ್ಯಾಚ್ ಹಿಡಿದು ಕತ್ತರಿಸಿದ್ದ ಬೆರಳಿನಲ್ಲೇ ಬಲಗಣ್ಣು ಉಜ್ಜಿಕೊಂಡಿದ್ದೆ. ಸ್ವಲ್ಪ ಹೊತ್ತಿಗೆ ಎದುರಿಗಿದ್ದವನು ನನ್ನ ಮುಖ ನೋಡಿ ಬೆಚ್ಚಿಬಿದ್ದ. ಒಂದು ಪಾಪೆ ಗುಂಡಗೆ ಅರಳಿದೆ, ಇನ್ನೊಂದು ಮಾಮೂಲಿ. ಹಡಗಿನ ಮೆಡಿಕ್ ಮಿದುಳಿನ ರಕ್ತಸ್ರಾವವೇ ಎಂದು ತಿಳಿದು ಹಡಗು ತಿರುಗಿಸುವ ಮಾತು ತೆಗೆದರು. ಬೆರಳಿನ ವಿಷಯ ಹೇಳಿದ ಮೇಲೆ ನಿಟ್ಟುಸಿರು ಬಿಟ್ಟರು. ಕಣ್ಣು ಸರಿಹೋಗಲು ಎರಡು ದಿನ ಹಿಡಿಯಿತು. ಈಗ ಅಂಟಿಸಿದ ಮೇಲೂ ಕಿತ್ತ ಮೇಲೂ ಸೋಪು ಹಾಕಿ ಕೈ ತೊಳೆಯುತ್ತೇನೆ, ಕಿವಿ ಹಿಂದಿನ ಜಾಗವನ್ನೂ ತೊಳೆಯುತ್ತೇನೆ. ಕಣ್ಣು ನೋವು, ಕೆಂಪು, ದೀಪದ ಸುತ್ತ ಬಣ್ಣದ ಬಳೆ ಕಂಡರೆ ಮಾತ್ರ ಬೆರಳಿನ ಕಥೆ ಎಂದು ಸುಮ್ಮನಿರಬೇಡಿ, ಅದು ಗ್ಲಾಕೋಮಾ, ಅಂದರೆ ಕಣ್ಣೊಳಗಿನ ಒತ್ತಡ ಏರುವ ಕಾಯಿಲೆ, ಇರಬಹುದು. ಕಣ್ಣೊಳಗಿನ ನೀರು ಹರಿದುಹೋಗುವ ಕೋನ ಮುಚ್ಚುವ ಬಗೆಯ ಗ್ಲಾಕೋಮಾ ಇರುವವರು ಈ ಪ್ಯಾಚ್ ಮುಟ್ಟಲೇಬಾರದು.

ನೆನಪಿನ ಶಕ್ತಿಯನ್ನೂ ಪರೀಕ್ಷಿಸಿದೆ. ಜೊತೆಗಾರ ಹತ್ತು ಅಂಕಿ ಓದುವುದು, ನಾನು ಐದು ನಿಮಿಷ ಬಿಟ್ಟು ಹೇಳುವುದು. ಪ್ಯಾಚ್ ಇಲ್ಲದ ದಿನ ಎಂಟೊಂಬತ್ತು ಬರುತ್ತಿತ್ತು. ಎರಡನೆಯ ಪ್ಯಾಚ್‌ನ ಹೊತ್ತಿಗೆ ನಾಲ್ಕೈದಕ್ಕೆ ಇಳಿಯಿತು. ಮೂರನೆಯ ಟ್ರಿಪ್‌ನ ದಾಖಲೆಗಳಲ್ಲಿ ನಾನು ಮಾಡಿದ ತಪ್ಪುಗಳಿಗೆ ಕಾರಣ ಆಗ ತಿಳಿಯಿತು. ಉಮ್ಮತ್ತಿ ಗಿಡದಲ್ಲಿರುವುದೂ ಇದೇ ಸ್ಕೊಪೊಲಮಿನ್. ಉಮ್ಮತ್ತಿ ತಿಂದವರ ಬಾಯಿ ಒಣಗಿ, ಕಣ್ಣು ಅರಳಿ, ಬುದ್ಧಿ ಕದಡುವುದನ್ನು ಕೇಳಿರುತ್ತೀರಿ. ನಾವು ಅದನ್ನೇ ಎಳೆಎಳೆಯಾಗಿ ಚರ್ಮದ ಮೂಲಕ ತೆಗೆದುಕೊಳ್ಳುತ್ತಿದ್ದೇವೆ. ವಯಸ್ಸಾದವರಲ್ಲಿ ಈ ಕದಡುವಿಕೆ ಇನ್ನೂ ಬೇಗ ಬರುತ್ತದೆ.

ಎಂಜಿನ್ ಕೋಣೆಯಲ್ಲಿ ಕೆಲಸ ಮಾಡುವವರು ಇದನ್ನು ಗಮನಿಸಿ. ಈ ಔಷಧ ಬೆವರನ್ನು ತಡೆಯುತ್ತದೆ. ಒಮ್ಮೆ ಸೆಕೆಯಲ್ಲಿ ಪಂಪು ಸರಿಮಾಡುವಾಗ ನನ್ನ ಮೈ ಒಣಗಿದ ಹಂಚಿನಂತೆ ಕಾದಿತ್ತು, ಒಂದು ಹನಿ ಬೆವರಿಲ್ಲ. ತಲೆ ಗಿರ್ರೆಂದಾಗ ಎಳೆದು ಹೊರಗೆ ತಂದರು. 2025ರ ಜೂನ್‌ನಲ್ಲಿ ಅಮೆರಿಕದ ಔಷಧ ನಿಯಂತ್ರಣ ಸಂಸ್ಥೆ ಎಫ್‌ಡಿಎ ಕೂಡ ಈ ಪ್ಯಾಚ್‌ನಿಂದ ಮೈ ಉಷ್ಣಾಂಶ ಅಪಾಯಕ್ಕೇರುವ ಬಗ್ಗೆ ಎಚ್ಚರಿಕೆ ಕೊಟ್ಟಿತು, ಮುಖ್ಯವಾಗಿ ಮಕ್ಕಳು ಮತ್ತು ವಯಸ್ಸಾದವರ ವಿಷಯದಲ್ಲಿ. ಅಲ್ಲಿ ಇದಕ್ಕೆ 1979ರಲ್ಲೇ ಒಪ್ಪಿಗೆ ಸಿಕ್ಕಿತ್ತು. ಈಗ ಪ್ಯಾಚ್ ಇರುವಷ್ಟು ಹೊತ್ತು ನಾನು ಎಂಜಿನ್ ಕೋಣೆಗೆ ಇಳಿಯುವುದಿಲ್ಲ, ಯಾರು ಏನೇ ಅನ್ನಲಿ.

ಈಗ ನನ್ನ ಕ್ರಮಕ್ಕೆ ಬರುತ್ತೇನೆ. ಪ್ಯಾಚ್ ಒಂದೇ. ಹೊರಡುವ ಹಿಂದಿನ ರಾತ್ರಿ ಅಂಟಿಸಿ, ಮೂರು ದಿನ ತುಂಬಿದ ರಾತ್ರಿ ಕೀಳುವುದು. ಎರಡನೆಯದಕ್ಕೆ ಕೈ ಹಾಕುವುದೇ ಇಲ್ಲ. "ಮೂರನೇ ದಿನ ಕಿತ್ತರೆ ನಡುಗಡಲಲ್ಲಿ ಸಾಯ್ತೀಯ" ಎಂದು ಎಲ್ಲರೂ ಹೆದರಿಸಿದ್ದು ಇಲ್ಲೇ. ನನ್ನ ಲೆಕ್ಕ ಬೇರೆ. ಹಡಗಿಗೆ ಮೈ ಒಗ್ಗಲು ನನಗೆ ಸುಮಾರು ಮೂರು ದಿನ ಸಾಕು. ಪ್ಯಾಚ್ ಇರುವುದು ಆ ಮೂರು ದಿನ ದಾಟಿಸುವುದಕ್ಕೆ, ಟ್ರಿಪ್ ಪೂರ್ತಿ ಹೊತ್ತು ತಿರುಗುವುದಕ್ಕಲ್ಲ. ಆದರೆ ಪ್ಯಾಚ್ ಇದೆಯೆಂದು ಆ ದಿನಗಳನ್ನು ಬಂಕ್‌ನಲ್ಲಿ ಮಲಗಿ ಕಳೆದರೆ ಮೈ ಏನನ್ನೂ ಕಲಿಯುವುದಿಲ್ಲ. ಮೊದಲ ದಿನದಿಂದಲೇ ಡೆಕ್ ಮೇಲೆ ನಿಂತು ದಿಗಂತ ನೋಡುತ್ತ ತಲೆಯನ್ನು ಅತ್ತಿತ್ತ, ಮೇಲೆ ಕೆಳಗೆ ತಿರುಗಿಸುತ್ತೇನೆ. ದಿನಕ್ಕೆ ಐದಾರು ಸಲ, ಸಲಕ್ಕೆ ಹತ್ತು ನಿಮಿಷ. ನೋಡಿದವರು ನಕ್ಕರು, ನಗಲಿ.

ಮೊದಲ ಪ್ರಯತ್ನ ಕೆಟ್ಟಿತು. ಉತ್ಸಾಹದಲ್ಲಿ ಎರಡೇ ದಿನಕ್ಕೆ ಕಿತ್ತೆ, ಅಂದೇ ಗಾಳಿ ಎದ್ದಿತು. ಒಂದೂವರೆ ದಿನ ಬಕೆಟ್ ತಬ್ಬಿಕೊಂಡು ಕೂತೆ. ಎರಡನೆಯ ಸಲ ಮೂರು ದಿನ ತುಂಬಿಸಿ ಕಿತ್ತೆ. ಮರುದಿನ ಸಂಜೆ ಸ್ವಲ್ಪ ತಲೆನೋವು, ಒಂದಿಷ್ಟು ವಾಕರಿಕೆ. ರಾತ್ರಿ ಮಲಗೆದ್ದ ಮೇಲೆ ಅದೂ ಇಲ್ಲ. ಕಿತ್ತ ಮರುದಿನದ ರಾತ್ರಿಗೂ ಅದರ ನಂತರದ ರಾತ್ರಿಗೂ ವೈದ್ಯರು ತಲೆಸುತ್ತು, ವಾಕರಿಕೆ ತಡೆಯುವ ಮೆಕ್ಲಿಜಿನ್ ಮಾತ್ರೆ ಬರೆದುಕೊಟ್ಟಿದ್ದಾರೆ. ಈಚಿನ ಎರಡು ಟ್ರಿಪ್‌ಗಳಲ್ಲಿ ಅದೂ ಬೇಕಾಗಲಿಲ್ಲ. ಪ್ಯಾಚ್ ಮೈಮೇಲಿರುವಾಗಲೇ ಈ ಮಾತ್ರೆಗಳನ್ನು ಸೇರಿಸಿದರೆ ಮಂಪರು, ಒಣಬಾಯಿ ಎರಡೂ ಇಮ್ಮಡಿ. ಮದ್ಯವಂತೂ ಬೇಡವೇ ಬೇಡ. ಕಿತ್ತ ಮರುದಿನದ ಪಾಳಿಯನ್ನು ಮೊದಲೇ ಬದಲಾಯಿಸಿಕೊಂಡಿರುತ್ತೇನೆ. ಆ ದಿನ ಏಣಿ ಹತ್ತುವುದಿಲ್ಲ, ಇಳಿದ ಮೇಲಾದರೆ ಗಾಡಿ ಓಡಿಸುವುದಿಲ್ಲ.

ಹೆಡ್‌ಸೆಟ್ ಹಾಕಿಕೊಂಡೇ ಮೂರು ದಿನ ಪ್ಯಾಚ್ ಏಳದಂತೆ ಉಳಿಸಿಕೊಳ್ಳಲು ನನ್ನದೊಂದು ಉಪಾಯವಿದೆ, ಅದನ್ನು ಇಲ್ಲಿ ಹೇಳುವುದಿಲ್ಲ. ಎರಡು ವರ್ಷ ಒದ್ದಾಡಿ ಕಂಡುಕೊಂಡದ್ದು. ಈಗಾಗಲೇ ನಾಲ್ಕೈದು ಪ್ಯಾಚ್ ದಾಟಿದವರು ಹೇಗೆ ಬಿಡಿಸಿಕೊಳ್ಳಬೇಕು ಎಂಬುದನ್ನೂ ಬರೆಯುವುದಿಲ್ಲ. ಅದಕ್ಕೆ ಕಾರಣ ಬೇರೆ. ನನಗೆ ವೈದ್ಯರು ಹೇಳಿದ ಲೆಕ್ಕ ನನ್ನ ನಾಡಿ, ನನ್ನ ರಕ್ತದೊತ್ತಡ ನೋಡಿ ಹೇಳಿದ್ದು. ನಿಮ್ಮ ಪುಸ್ತಕದಲ್ಲಿ ಗಂಟೆಗಳನ್ನು ಬರೆದುಕೊಂಡು ನಿಮ್ಮ ವೈದ್ಯರ ಮುಂದಿಡಿ. ನನ್ನ ಮಾತನ್ನು ಅಲ್ಲಗಳೆದಿದ್ದ ವೈದ್ಯರು ಆ ಪುಟ ನೋಡಿ ಎರಡು ನಿಮಿಷ ಮಾತಾಡಲಿಲ್ಲ, ಆಮೇಲೆ ಕುರ್ಚಿ ಹತ್ತಿರ ಎಳೆದುಕೊಂಡರು.

ಕಿತ್ತ ಪ್ಯಾಚ್‌ನಲ್ಲಿ ಇನ್ನೂ ಔಷಧ ಉಳಿದಿರುತ್ತದೆ. ಅಂಟು ಒಳಗಾಗುವಂತೆ ಎರಡಾಗಿ ಮಡಚಿ, ಮಕ್ಕಳ ಕೈಗೆ, ಸಾಕುಪ್ರಾಣಿಯ ಬಾಯಿಗೆ ಸಿಗದ ಕಡೆ ಎಸೆಯಬೇಕು. ನಾನು ಈಗ ಮಡಚಿದ ಮೇಲೆ ಒಂದು ಸಣ್ಣ ಡಬ್ಬಿಗೆ ಹಾಕುತ್ತೇನೆ. ಹಿಂದಿನ ಟ್ರಿಪ್‌ನಲ್ಲಿ ಕಿತ್ತು ಡಬ್ಬಿ ಮುಚ್ಚಿ ಗಂಟೆ ಬರೆಯುತ್ತಿದ್ದಾಗ, ಅಂದು ನಕ್ಕಿದ್ದವರಲ್ಲಿ ಒಬ್ಬ ತನ್ನ ಕಿವಿ ಹಿಂದೆ ಬೆರಳಿಟ್ಟು ಕೇಳಿದ: "ನಂದು ನಾಳೆ ಬೆಳಗ್ಗೆಗೆ ಎಪ್ಪತ್ತೆರಡು ಗಂಟೆ ಆಗುತ್ತೆ. ರಾತ್ರಿವರೆಗೂ ಕಾಯಲಾ, ಈಗಲೇ ಕಿತ್ತು ಬಿಡಲಾ?" ಬೆಳಗ್ಗೆ ಎದ್ದ ಕೂಡಲೇ ಕೀಳು, ಈಗ ಮೊದಲು ಆ ಕೈ ತೊಳೆದುಕೋ ಅಂದೆ.