ಮುಂಜಾನೆ ಎಂಟು, ರಾತ್ರಿ ಎಂಟು

ಅವ್ವನ ಅಂಡಾಶಯದ ಕ್ಯಾನ್ಸರಿಗೆ ಹುಬ್ಬಳ್ಳಿಯಲ್ಲಿ ಆಪರೇಷನ್ ಆಯಿತು. ಮೂರು ವಾರಕ್ಕೊಮ್ಮೆಯಂತೆ ಆರು ಸಲ ಕಾರ್ಬೊಪ್ಲಾಟಿನ್, ಪ್ಯಾಕ್ಲಿಟ್ಯಾಕ್ಸೆಲ್ ಎಂಬ ಕೀಮೋ ಔಷಧ ಏರಿಸಿದರು. ಆಗೆಲ್ಲ ನೋಡಿಕೊಳ್ಳಲು ಸಿಸ್ಟರ್‌ಗಳಿದ್ದರು. ಜೀವಕೋಶದ ಕೆಟ್ಟ ಡಿಎನ್ಎಯನ್ನು ರಿಪೇರಿ ಮಾಡುವ ಬಿಆರ್‌ಸಿಎ ಜೀನಿನಲ್ಲಿ ದೋಷ ಕಂಡಿದ್ದರಿಂದ, ಕ್ಯಾನ್ಸರ್ ಮರಳುವುದನ್ನು ದೂರ ತಳ್ಳಲು ಡಾಕ್ಟರು ಎರಡು ವರ್ಷಕ್ಕೆ ಓಲಾಪರಿಬ್ ಗುಳಿಗೆ ಬರೆದುಕೊಟ್ಟರು. ಗದಗಿನ ಬಸ್ಸಿನಲ್ಲಿ ಅದು ನನ್ನ ಬ್ಯಾಗಿನೊಳಗೇ ಬಂತು. ಅಣ್ಣಿಗೇರಿ ದಾಟುವಾಗ ಎದೆ ಹೊಡೆದುಕೊಳ್ಳುತ್ತಿತ್ತು. ಇನ್ನು ಸಿಸ್ಟರ್ ನಾನೇ.

150 ಮಿಲಿಗ್ರಾಮಿನ ಎರಡು ಗುಳಿಗೆ ಮುಂಜಾನೆ ಎಂಟಕ್ಕೆ, ಎರಡು ರಾತ್ರಿ ಎಂಟಕ್ಕೆ. ಅವ್ವನಿಗೆ ಗುಳಿಗೆ ನುಂಗುವುದೆಂದರೆ ಮೊದಲಿನಿಂದಲೂ ಕಷ್ಟ. ಜ್ವರದ ಗುಳಿಗೆಯನ್ನೂ ಪುಡಿ ಮಾಡಿ ಬೆಲ್ಲದಲ್ಲಿ ಕಲಸಿಕೊಂಡು ತಿನ್ನುವವಳು. "ಇದನ್ನೂ ಕುಟ್ಟಿ ಕೊಡಬೇ" ಅಂದಳು. ನಾನು ಒಪ್ಪಲಿಲ್ಲ. ಇದನ್ನು ಇಡಿಯಾಗಿಯೇ ನುಂಗಬೇಕು. ಕುಟ್ಟಿದರೆ ಪುಡಿ ಕೈಗೆ, ಉಸಿರಿಗೆ ತಾಗುತ್ತದೆ. ತಂಗಿ ಬೇರೆ ಆಗ ಐದು ತಿಂಗಳ ಬಸುರಿ, ನಮ್ಮಲ್ಲೇ ಇದ್ದಳು; ಹೊಟ್ಟೆಯೊಳಗಿನ ಕೂಸಿಗೆ ಈ ಔಷಧ ಅಪಾಯ. ಅವಳಿಗೆ ಆ ಕಪಾಟನ್ನೇ ಮುಟ್ಟಗೊಡಲಿಲ್ಲ. ನಾನೂ ಗ್ಲೌಸ್ ಹಾಕಿಕೊಂಡೇ ಗುಳಿಗೆ ಬಟ್ಟಲಿಗೆ ಹಾಕುತ್ತಿದ್ದೆ. ಅರ್ಧ ರೊಟ್ಟಿ ತಿಂದ ಮೇಲೆ ಎರಡು ಗುಟುಕು ನೀರಿನಿಂದ ಗಂಟಲು ಹಸಿ ಮಾಡಿಕೊಂಡು ಒಂದೊಂದನ್ನೇ ನುಂಗುವುದು ರೂಢಿಯಾಯಿತು. ಹೊಟ್ಟೆಯಲ್ಲಿ ಏನಾದರೂ ಇದ್ದರೆ ಅವ್ವನಿಗೆ ಓಕರಿಕೆಯೂ ಕಡಿಮೆ.

ನನ್ನನ್ನು ಹೆಚ್ಚು ಹೆದರಿಸಿದ್ದು ಮೂರನೆಯ ತಿಂಗಳು. ಮೊದಲ ವರ್ಷ ತಿಂಗಳಿಗೊಮ್ಮೆ ರಕ್ತ ಪರೀಕ್ಷೆ ಮಾಡಿಸಲೇಬೇಕು. ಆ ಸಲ ಹಿಮೋಗ್ಲೋಬಿನ್ 7.6ಕ್ಕೆ ಇಳಿದಿತ್ತು. ಗುಳಿಗೆ ನಿಲ್ಲಿಸಿ ರಕ್ತ ಏರಿಸಿದರು. ಚೇತರಿಸಿಕೊಂಡ ಮೇಲೆ ಪ್ರತಿ ಹೊತ್ತಿಗೆ 250 ಮಿಲಿಗ್ರಾಂ ಮಾಡಿದರು, ಅಂದರೆ 150ರದು ಒಂದು, 100ರದು ಒಂದು. ಡೋಸ್ ಕಡಿಮೆಯಾಯಿತು, ತಪ್ಪುವ ದಾರಿ ಹೆಚ್ಚಾಯಿತು. ಮನೆಯಲ್ಲಿ ಈಗ ಎರಡು ಬಗೆಯ ಗುಳಿಗೆ. ಒಂದು ರಾತ್ರಿ ಹಳೆಯ ರೂಢಿಯಂತೆ 150ರ ಎರಡನ್ನು ಬಟ್ಟಲಿಗೆ ಹಾಕಿಬಿಟ್ಟಿದ್ದೆ, ಅವ್ವ ಬಾಯಿಗೆ ಒಯ್ಯುವ ಮೊದಲು ಕಣ್ಣಿಗೆ ಬಿತ್ತು. ಅವತ್ತಿನಿಂದ ಎರಡೂ ಪ್ಯಾಕಿನ ಮೇಲೆ ದಪ್ಪ ಅಕ್ಷರದಲ್ಲಿ 'ಒಂದೇ ಒಂದು' ಎಂದು ಬರೆದಿಟ್ಟೆ. ಕೊಟ್ಟ ಕೂಡಲೇ ಕ್ಯಾಲೆಂಡರಿನಲ್ಲಿ ಗೆರೆ.

ಲಕ್ಷ್ಮೇಶ್ವರದ ಮದುವೆಗೆ ಹೋದ ದಿನ ರಾತ್ರಿಯ ಹೊತ್ತು ತಪ್ಪಿತು. "ಮುಂಜಾನೆ ನಾಲ್ಕೂ ಕೂಡಿಸಿ ಕೊಡು" ಎಂದರು ಸೋದರಮಾವ. ಕೊಡಲಿಲ್ಲ. ತಪ್ಪಿದ್ದು ತಪ್ಪಿತು, ಮುಂದಿನದು ಅದರ ವೇಳೆಗೆ. ವಾಂತಿಯಾದಾಗಲೂ ಅಷ್ಟೇ, ಮತ್ತೆ ಕೊಡುವುದಿಲ್ಲ.

ಚಳಿಗಾಲದಲ್ಲಿ ಅವ್ವನಿಗೆ ಕೆಮ್ಮು ಹತ್ತಿತು. ಹತ್ತಿರದ ಮೆಡಿಕಲ್ ಅಂಗಡಿಯಲ್ಲಿ ಕ್ಲಾರಿಥ್ರೊಮೈಸಿನ್ ಎಂಬ ಆಂಟಿಬಯೋಟಿಕ್ ಕೊಟ್ಟರು. ಅದನ್ನು ಕೊಡುವ ಮೊದಲು ಹುಬ್ಬಳ್ಳಿಯ ಸಿಸ್ಟರಿಗೆ ಫೋನ್ ಮಾಡಿದೆ. "ಬ್ಯಾಡ್ರಿ ಅಕ್ಕಾರ, ಅದು ಕೂಡಿದ್ರ ಈ ಔಷಧ ಮೈಯಾಗ ಏರತೈತಿ" ಅಂದರು. ಗ್ರೇಪ್‌ಫ್ರೂಟ್ ಹಣ್ಣು ಬೇಡವೆಂದು ಹೇಳಿದ್ದೂ ಇದೇ ಕಾರಣಕ್ಕೆ. ಅದರ ಜಾತಿಯ ಚಕ್ಕೋತವನ್ನೂ ನಾವು ಬಿಟ್ಟಿದ್ದೆವು. ಆದರೆ ಸಿಸ್ಟರ್ ಅಷ್ಟಕ್ಕೇ ಬಿಡಲಿಲ್ಲ. "ಕೆಮ್ಮು ಎಷ್ಟ ದಿನದ್ದು? ದಮ್ಮು ಬರತೈತೇನು?" ಈ ಗುಳಿಗೆಯಿಂದ ಅಪರೂಪಕ್ಕೆ ಶ್ವಾಸಕೋಶಕ್ಕೇ ಉರಿಯೂತ ಬರುತ್ತದಂತೆ. ನಾನು ಜ್ವರಕ್ಕೆ ಫೋನ್ ಮಾಡಬೇಕೆಂದು ನೆನಪಿಟ್ಟಿದ್ದೆ, ಕೆಮ್ಮನ್ನು ಲೆಕ್ಕಕ್ಕೇ ಹಿಡಿದಿರಲಿಲ್ಲ. ಮರುದಿನವೇ ಹುಬ್ಬಳ್ಳಿಗೆ ಕರೆದೊಯ್ದೆ. ಎದೆಯ ಎಕ್ಸ್-ರೇ ಸ್ವಚ್ಛವಿತ್ತು, ಬರೀ ನೆಗಡಿಯ ಕೆಮ್ಮು. ತಿರುಗಿ ಬಂದವಳೇ ಕಪಾಟಿನ ಬಾಗಿಲಿನ ಚೀಟಿಯಲ್ಲಿ 'ಜ್ವರ 100.4' ಎಂಬುದರ ಕೆಳಗೆ 'ಕೆಮ್ಮು, ದಮ್ಮು' ಎಂದು ಸೇರಿಸಿದೆ.