ಹಳೆ ಕಲ್ಲುಗೋಡೆಯ ಸಂದು ತುಂಬುವುದು ಹೇಗೆ?

ಹಳೆ ಕಟ್ಟಡ ಉಳಿಸಲು ಹೊರಟ ಸಂಘಗಳು ಸಾಮಾನ್ಯವಾಗಿ ಮೊದಲು ಕೈ ಹಾಕುವುದು ಕಲ್ಲುಗೋಡೆಗೆ. ಕೆಲಸ ಕೆಡುವುದೂ ಅಲ್ಲೇ. ಒಂದು ಚೀಲ ಸಿಮೆಂಟ್ ತಂದು ಸಂದುಗಳಿಗೆ ಮೆತ್ತಿ ಹೋಗುತ್ತಾರೆ. ಕೆಲವು ಮಳೆಗಾಲ ಕಳೆದ ಮೇಲೆ ನೋಡಿದರೆ ಸಿಮೆಂಟ್ ಹಾಗೇ ಇರುತ್ತದೆ, ಪಕ್ಕದ ಕಲ್ಲು ಉದುರಿರುತ್ತದೆ.

ಪೋರ್ಟ್‌ಲ್ಯಾಂಡ್ ಸಿಮೆಂಟಿಗೆ ಪೇಟೆಂಟ್ ಸಿಕ್ಕಿದ್ದೇ 1824ರಲ್ಲಿ. ಅದಕ್ಕಿಂತ ಹಳೆಯ ಗೋಡೆಗಳಲ್ಲಿ ಇರುವುದು ಸುಣ್ಣದ ಗಾರೆ ಅಥವಾ ಮಣ್ಣು. ಗೋಡೆ ಹೀರಿದ ನೀರು ಆ ಸಂದುಗಳಿಂದಲೇ ಆರುತ್ತದೆ. ಸಿಮೆಂಟ್ ಮೆತ್ತಿದರೆ ನೀರು ಕಲ್ಲಿನ ಮೂಲಕ ಹೊರಬರಬೇಕು. ಜೊತೆಗೆ ಬಂದ ಉಪ್ಪು ಒಳಗೇ ಹರಳುಗಟ್ಟಿ ಕಲ್ಲನ್ನು ಪದರ ಪದರವಾಗಿ ಎಬ್ಬಿಸುತ್ತದೆ.

1. ಲಿಖಿತ ಅನುಮತಿ ಪಡೆಯಿರಿ. ಗೋಡೆಯ ಫೋಟೊ ತೆಗೆದಿಡಿ.

2. ಸಡಿಲವಾದ ಗಾರೆಯನ್ನು ಮಾತ್ರ ಕೆರೆದು ತೆಗೆಯಿರಿ. ಸಂದಿನ ಅಗಲದ ಎರಡರಷ್ಟು ಆಳ ಬೇಕು. ಉಳಿ, ಸಣ್ಣ ಸುತ್ತಿಗೆ ಸಾಕು. ಕತ್ತರಿಸುವ ಮೆಷಿನ್ ಬೇಡವೇ ಬೇಡ, ಕಲ್ಲಿನ ಅಂಚು ಹೋದರೆ ಮತ್ತೆ ಬರುವುದಿಲ್ಲ.

3. ಒಂದು ಪಾಲು ಸುಣ್ಣ, ಮೂರು ಪಾಲು ತೊಳೆದ ಒರಟು ಮರಳು. ಅರಳಿಸಿದ, ಅಂದರೆ ಮೊದಲೇ ನೀರು ಹಾಕಿ ತಣಿಸಿದ ಸುಣ್ಣವನ್ನೇ ತನ್ನಿ. ಸುಟ್ಟ ಸುಣ್ಣಕ್ಕೆ ನೀರು ಬಿದ್ದರೆ ಕುದಿದು ಸಿಡಿಯುತ್ತದೆ, ಕಣ್ಣೇ ಹೋಗಬಹುದು. ಅರಳಿಸಿದ್ದಕ್ಕೂ ಗ್ಲೌಸ್, ಕನ್ನಡಕ ಬೇಕೇ ಬೇಕು. ಸುಣ್ಣದ ಗಾರೆ ಎಂದು ಮಾರುವ ರೆಡಿಮೇಡ್ ಚೀಲಗಳಲ್ಲಿ ಕೆಲವಕ್ಕೆ ಸಿಮೆಂಟ್ ಬೆರೆತಿರುತ್ತದೆ. ಚೀಲದ ಹಿಂಬದಿ ಬರೆದಿದ್ದನ್ನು ಓದಿ, ಆಮೇಲೆ ಕೊಳ್ಳಿ.

4. ಸಂದಿಗೆ ನೀರು ಚಿಮುಕಿಸಿ, ಗಾರೆಯನ್ನು ಸಂದಿನ ಒಳತುದಿಯಿಂದ ಒತ್ತುತ್ತಾ ತುಂಬಿ. ಕರಣೆಯಿಂದ ನುಣ್ಣಗೆ ಉಜ್ಜಬೇಡಿ, ಮೇಲೆ ಸುಣ್ಣದ ಪೊರೆ ಕಟ್ಟುತ್ತದೆ. ಹೆಬ್ಬೆರಳು ಒತ್ತಿದರೆ ಅಚ್ಚು ಬೀಳದಷ್ಟು ಬಿಗಿಯಾದಾಗ ಗಟ್ಟಿ ಬ್ರಶ್‌ನಿಂದ ತಟ್ಟಿ. ಸಣ್ಣ ಬಿರುಕುಗಳು ಮುಚ್ಚುತ್ತವೆ. ಕಲ್ಲಿನಿಂದ ಮುಂದಕ್ಕೆ ಉಬ್ಬಿದ ಪಟ್ಟಿ ಎಳೆಯುವವರಿದ್ದಾರೆ. ನನಗಂತೂ ಅದು ಕಣ್ಣಿಗೆ ಚುಚ್ಚುತ್ತದೆ, ಅದರ ಮೇಲೆ ನೀರೂ ನಿಲ್ಲುತ್ತದೆ.

5. ಇನ್ನು ಎಲ್ಲರೂ ಎಡವುವ ಹಂತ: ಆರೈಕೆ. ಸುಣ್ಣದ ಗಾರೆ ಗಟ್ಟಿಯಾಗುವುದು ಗಾಳಿಯಲ್ಲಿರುವ ಇಂಗಾಲದ ಡೈಆಕ್ಸೈಡ್ ಹೀರಿಕೊಂಡು. ಅದಕ್ಕೆ ಸ್ವಲ್ಪ ತೇವ ಇರಲೇಬೇಕು. ಬಿಸಿಲು, ಗಾಳಿಗೆ ಬೇಗ ಒಣಗಿತೋ, ಉಗುರಿನಲ್ಲಿ ಕೆರೆದರೂ ಪುಡಿ ಉದುರುತ್ತದೆ. ಹಾಗಾದರೆ ಕಿತ್ತು ಮತ್ತೆ ತುಂಬಬೇಕು, ಬೇರೆ ದಾರಿ ಇಲ್ಲ. ಆದ್ದರಿಂದ ಗೋಡೆಯ ಮುಂದೆ ಒದ್ದೆ ಗೋಣಿತಾಟು ಇಳಿಬಿಡಿ, ಗಾರೆಗೆ ತಾಗದಂತೆ. ದಿನಕ್ಕೆ ಮೂರ್ನಾಲ್ಕು ಸಲ ಸ್ಪ್ರೇಯರ್‌ನಿಂದ ಹನಿಸಿ. ಪೈಪ್ ಹಿಡಿದು ನೀರು ಬಿಟ್ಟರೆ ಸುಣ್ಣವೇ ತೊಳೆದುಹೋಗುತ್ತದೆ. ಕನಿಷ್ಠ ಒಂದು ವಾರ ಹೀಗೇ ನಡೆಯಬೇಕು. ಭಾನುವಾರ ಗಾರೆ ತುಂಬಲು ಮೂವತ್ತು ಜನ ಬರುತ್ತಾರೆ, ಸೋಮವಾರ ನೀರು ಹನಿಸಲು ಒಬ್ಬರೂ ಇರುವುದಿಲ್ಲ, ಅಲ್ವಾ? ಯಾವ ದಿನ ಯಾರು ಎಂದು ಮೊದಲೇ ಬರೆದಿಡಿ.

ಕಲ್ಲಿನ ಮೇಲೆ ಬಿದ್ದ ಗಾರೆಯನ್ನು ಅವತ್ತೇ ಒದ್ದೆ ಸ್ಪಂಜಿನಿಂದ ಒರೆಸಿ. ಆಮೇಲೆ ಆಸಿಡ್ ಹಾಕಿ ತೊಳೆಯಲು ಹೋಗಬೇಡಿ, ಅದು ಹೊಸ ಗಾರೆಯನ್ನೂ ತಿನ್ನುತ್ತದೆ.